ತಾರೀಕು ಕೇಳದ ವಕೀಲರು

ನಮ್ಮ ಯಜಮಾನರು ಬೆಳಗಿನ ಚಹಾವನ್ನು ನಿಂತುಕೊಂಡೇ ಕುಡಿಯುತ್ತಿದ್ದರು. ಒಂದು ಕೈಯಲ್ಲಿ ಲೋಟ, ಇನ್ನೊಂದು ತೋಳಿನ ಮೇಲೆ ಕರಿ ಕೋಟು, ಕಣ್ಣು ಬಾಲ್ಕನಿಯಾಚೆಯ ಬಸ್ ಸ್ಟಾಪಿನ ಮೇಲೆ. “ಗಡಿಬಿಡಿ ಏನೂ ಇಲ್ಲ, ಕೂತ್ಕೊಂಡು ಕುಡೀರಿ” ಎಂದು ನಾನು ಹೇಳುವುದು, “ಆಯ್ತು ಆಯ್ತು” ಎಂದು ಅವರು ಖಾಲಿ ಲೋಟ ನನ್ನ ಕೈಗಿಡುವುದು. ದೆಹಲಿಯ ಮಯೂರ್ ವಿಹಾರದ ಎರಡನೇ ಮಹಡಿಯ ಮನೆಯಲ್ಲಿ ನಮ್ಮ ದಿನ ಹೀಗೆ ಶುರುವಾಗುತ್ತಿತ್ತು.

ಅವರು ವಕೀಲರು, ನಾನು ಅವರ ಟೈಪಿಸ್ಟು. ಪಿಯುಸಿ ಮುಗಿಸಿ ಟೈಪಿಂಗ್ ಕಲಿತವಳು ನಾನು. ಕಾನೂನು ನನಗೆ ಬೆರಳುಗಳಿಂದ ಹಾದುಹೋದಷ್ಟೇ ಗೊತ್ತು. ಈಗ ಅವರಿಲ್ಲ. ಅವರ ಬಗ್ಗೆ ಏನು ಬರೆಯಲು ಕೂತರೂ ಕೈ ಆ ಒಂದು ಕೇಸಿಗೇ ಹೋಗಿ ನಿಲ್ಲುತ್ತದೆ. ಅದನ್ನೇ ಬರೆಯುತ್ತೇನೆ.

ಒಂದು ಮಧ್ಯಾಹ್ನ ಕೋರ್ಟಿನ ಒಳಗಿನಿಂದ ಪೇಷ್ಕಾರ, ಅಂದರೆ ನ್ಯಾಯಾಧೀಶರ ಗುಮಾಸ್ತ, ಬಾಗಿಲಿಗೆ ಬಂದು, “ಯಾರಾದರೂ ಮದ್ರಾಸಿ ವಕೀಲರಿದ್ದಾರಾ?” ಎಂದು ಕೂಗಿದ. ದೆಹಲಿಯಲ್ಲಿ ಆಗ ನಾವೆಲ್ಲ ಮದ್ರಾಸಿಗಳೇ. ಇವರು ಎದ್ದುಹೋದರು. ಕಟಕಟೆಯ ಪಕ್ಕ ಬೆಂಚಿನ ಮೇಲೆ ಒಬ್ಬ ಮುದುಕರು ಎರಡೂ ಕಾಲು ಚಾಚಿ ಕೂತಿದ್ದರು. ಪೊಲೀಸರು ಕೇಳಿದ್ದು ಅವರಿಗೆ ತಿಳಿಯುತ್ತಿರಲಿಲ್ಲ, ಅವರು ಹೇಳಿದ್ದು ಪೊಲೀಸರಿಗೆ ತಿಳಿಯುತ್ತಿರಲಿಲ್ಲ. ಇವರು ಕನ್ನಡದಲ್ಲಿ “ಯಾವೂರು?” ಎಂದದ್ದೇ ತಡ, ಮುದುಕರು ಇವರ ಕೈ ಹಿಡಿದುಕೊಂಡರಂತೆ.

ಗದಗದ ಕಡೆಯಿಂದ ಯಾತ್ರೆಯ ಬಸ್ಸುಗಳು ಬರುತ್ತವಲ್ಲ, ಅಂಥದೊಂದು ಬಸ್ಸಿನ ಅಡುಗೆಯವರು ಅವರು. ಪಾತ್ರೆ, ಸ್ಟೋವು, ಅಕ್ಕಿ ಬೇಳೆ ಎಲ್ಲ ಬಸ್ಸಿನ ಮೇಲೆ ಹೇರಿಕೊಂಡು, ಯಾತ್ರಿಕರು ದೇವರ ದರ್ಶನಕ್ಕೆ ಹೋದಾಗ ಈ ಅಡುಗೆಯವರು ಧರ್ಮಶಾಲೆಯ ಅಂಗಳದಲ್ಲಿ ಒಲೆ ಹೂಡುವುದು. ಮರುವಾರ ಇವರು ಲಾಕಪ್ಪಿನ ಜಾಲರಿಯ ಹತ್ತಿರ ನನ್ನನ್ನೂ ಕರೆದುಕೊಂಡು ಹೋದರು. ಅಡುಗೆಯವರ ಧಾರವಾಡದ ಕಡೆಯ ಮಾತು ಇವರ ಕಿವಿಗೆ ವೇಗವಾಯಿತು. ನನ್ನ ಅಮ್ಮನ ತವರು ಆ ಸೀಮೆಯದೇ ಆದ್ದರಿಂದ ನನಗೆ ತಿಳಿಯುತ್ತಿತ್ತು.

“ಅಕ್ಕಾರ, ಇವತ್ತ ಮನ್ಯಾಗ ಏನ ಸಾರು ಮಾಡೀರಿ?” ಅವರು ನನ್ನನ್ನು ಕೇಳಿದ ಮೊದಲ ಮಾತು ಇದು.

“ಬೇಳೆ ಸಾರು.”

“ಒಗ್ಗರಣಿಗೆ ಇಂಗ ಹಾಕೀರಿಲ್ಲೋ?”

“ಹಾಕಿದೀನಿ.”

“ಹಾಂ, ಹಂಗಾದ್ರ ನೀವು ನಮ್ಮವ್ರ ನೋಡ್ರಿ. ಇಲ್ಲಿಯವ್ರು ಬರೇ ಅರಿಷಿಣದ ನೀರ ಕುದಿಸಿ ಕೊಡ್ತಾರ, ಪಾಪ, ಅವ್ರಿಗೂ ಗೊತ್ತಿಲ್ಲ.”

ಆಮೇಲೆ ವಿಷಯ ಹೇಳಿದರು. ಬದರಿಯ ದಾರಿಯ ಚಳಿಗೆ ಮೊಣಕಾಲು ಹಿಡಿದುಕೊಂಡಿವೆ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು; ಕೂರದೆ ಒಲೆಯ ಮುಂದೆ ಕೆಲಸ ಹೇಗೆ? ಒಂದು ತಂಗುದಾಣದಲ್ಲಿ ಯಾರೋ ಬಾಬಾ ಕರಿ ಅಂಟಿನಂಥ ಉಂಡೆ ಕೊಟ್ಟು, ಕಡಲೆಕಾಳಿನಷ್ಟು ಬೆಲ್ಲದಲ್ಲಿ ಸೇರಿಸಿ ನುಂಗು ಎಂದನಂತೆ. ನುಂಗಿದರು, ನೋವು ಇಳಿಯಿತು. ಉಳಿದದ್ದನ್ನು ಇಂಗಿನ ಡಬ್ಬಿಯ ಪಕ್ಕ ಬಟ್ಟೆಯಲ್ಲಿ ಕಟ್ಟಿಟ್ಟರು. ದೆಹಲಿಯ ಬಸ್ ನಿಲ್ದಾಣದಲ್ಲಿ ಸಾಮಾನು ತಪಾಸಣೆಯಾದಾಗ ಅದು ಸಿಕ್ಕಿತು. ತೂಗಿದರು, ಅರವತ್ತು ಗ್ರಾಂ ಚಿಲ್ಲರೆ. ಬಸ್ಸು ಸಂಜೆಯವರೆಗೆ ಕಾದು ಮಥುರಾಕ್ಕೆ ಹೊರಟುಹೋಯಿತು.

“ಅವತ್ತ ರಾತ್ರಿ ಯಾತ್ರಿಕರಿಗೆ ಅಡಿಗಿ ಯಾರ ಮಾಡಿದ್ರೋ ಏನೋ, ಅಕ್ಕಾರ. ಅಕ್ಕಿ ನೆನಿ ಹಾಕಿ ಬಂದಿದ್ದೆ” ಎಂದರು.

ಇವರು ಆ ರಾತ್ರಿ ನನಗೆ ಕಾನೂನು ಬಿಡಿಸಿ ಹೇಳಿದರು. ಗಿಡ ಒಂದೇ. ಅದರ ಎಲೆ ಅರೆದರೆ ಭಾಂಗು; ಅದು ರಾಜ್ಯ ಸರ್ಕಾರಗಳ ಅಬಕಾರಿ ಲೆಕ್ಕಕ್ಕೆ ಬರುತ್ತದೆ, ಕೆಲವು ರಾಜ್ಯಗಳಲ್ಲಿ ಲೈಸೆನ್ಸ್ ಪಡೆದ ಅಂಗಡಿಗಳೇ ಇವೆ. ಹೂವಿನ ತೆನೆ ಗಾಂಜಾ. ಅದು ಕೇಂದ್ರದ ಕಾನೂನಿಗೆ ಸೇರಿ, ಐದು ವರ್ಷದವರೆಗೆ ಜೈಲು. ಅದೇ ಗಿಡದ ಅಂಟು, ಬಾಬಾ ಕೊಟ್ಟಿದ್ದು, ಚರಸ್. ಅದಕ್ಕೆ ಕಡಿಮೆಯೆಂದರೆ ಹತ್ತು ವರ್ಷ. ಸ್ವಂತ ಬಳಕೆಗೆಂದು ರುಜುವಾತು ಮಾಡಿ ಉಳಿಯಬಹುದಾದ ತೂಕ ಒಂದು ಚಿಟಿಕೆ ಮಾತ್ರ. ಅರವತ್ತು ಗ್ರಾಮಿಗೂ ಅರವತ್ತು ಕಿಲೋಗೂ ಅಳತೆ ಒಂದೇ.

ಇದನ್ನು ಅಡುಗೆಯವರಿಗೆ ಹೇಳಿದಾಗ ಅವರು ನಂಬಲಿಲ್ಲ. “ಕಾಶ್ಯಾಗ ಸರಕಾರದ ಬೋರ್ಡ ಹಾಕ್ಕೊಂಡು ಎಲಿ ಮಾರ್ತಾರ್ರೀ, ನಾ ಕಣ್ಣಾರೆ ನೋಡೀನಿ. ಎಲಿ ಮಾರಿದ್ರ ಲೈಸೆನ್ಸು, ಅಂಟ ಇಟ್ಕೊಂಡ್ರ ಹತ್ತ ವರ್ಷ! ಆ ಗಿಡಕ್ಕರ ಗೊತ್ತೈತೇನ್ರೀ ಇದು?”

ಇವರ ಕೆಲಸದ ರೀತಿ ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಇವರು ತಾರೀಕು ಕೇಳುತ್ತಿರಲಿಲ್ಲ. ಆ ಆವರಣದಲ್ಲಿ ವಕೀಲಿಕೆಯೆಂದರೆ ಅರ್ಧ ಪಾಲು ಮುಂದಿನ ತಾರೀಕು ಪಡೆಯುವ ವಿದ್ಯೆ. ಸಾಕ್ಷಿ ಬಂದಿಲ್ಲ, ಫೈಲು ಸಿಕ್ಕಿಲ್ಲ, ಹೊಟ್ಟೆನೋವು, ಮದುವೆ, ಎಲ್ಲದಕ್ಕೂ ತಾರೀಕು. ಇವರು ಮಾತ್ರ ಸಾಕ್ಷಿ ಬಂದ ದಿನವೇ ಪಾಟೀಸವಾಲು ಮುಗಿಸುವವರು. ಚೇಂಬರ್ ಎಂದು ಕರೆಯುತ್ತಿದ್ದ ನಮ್ಮ ತಗಡಿನ ಶೆಡ್ಡಿನಲ್ಲಿ ಪಕ್ಕದ ಮೇಜಿನ ಸರ್ದಾರ್ಜಿ ವಕೀಲರು ಇವರನ್ನು ಛೇಡಿಸುತ್ತಿದ್ದರು. ಅವರ ಹಿಂದಿಯನ್ನು ಕನ್ನಡದಲ್ಲೇ ಬರೆಯುತ್ತೇನೆ. “ಭಾಯಿ ಸಾಬ್, ನಿಮ್ಮ ಕೇಸೇನು ಮೇಲ್ ಗಾಡಿಯಾ? ಯಾವ ಸ್ಟೇಷನ್ನಿನಲ್ಲೂ ನಿಲ್ಲೋದೇ ಇಲ್ಲ!”

ಈ ಕೇಸಿನಲ್ಲಿ ಮಾತ್ರ ಅವರು ತಮಾಷೆ ಬಿಟ್ಟು ಹೇಳಿದರು. “ಹೊಸ ಕಾನೂನು ಸಂಸತ್ತಿನಲ್ಲಿ ಪಾಸಾಗಿದೆ. ಇನ್ನು ಮೇಲೆ ತೂಕ ನೋಡಿ ಸಜೆಯಂತೆ. ನೂರು ಗ್ರಾಮಿನ ಒಳಗೆ ಚರಸ್ ಇದ್ದರೆ ಬರೀ ಆರು ತಿಂಗಳು. ನಿಮ್ಮ ಮುದುಕ ಅಡುಗೆಯವ ಉಳಿದುಕೊಳ್ತಾನೆ. ತಾರೀಕು ತಗೊಳ್ಳಿ, ಭಾಯಿ ಸಾಬ್. ಸುಮ್ಮನೆ ತಾರೀಕು ತಗೊಳ್ತಾ ಇರಿ.”

“ಜಾರಿಗೆ ಯಾವಾಗ ಬರುತ್ತೆ?”

“ಅದು ಯಾರಿಗೆ ಗೊತ್ತು? ಗೆಜೆಟ್ ಆದಾಗ.”

“ಎರಡು ವರ್ಷ ಆದ್ರೆ? ಆ ಮನುಷ್ಯ ಒಳಗಿದ್ದಾರೆ. ಜಾಮೀನೂ ಇಲ್ಲ. ನಾನು ತಾರೀಕು ಕೇಳಿದ ಪ್ರತಿ ಸಲ ಅವರು ಒಂದು ತಿಂಗಳು ಜಾಸ್ತಿ ಕೂರಬೇಕು.”

ಇವರಿಗೆ ಬಿಡುಗಡೆಯ ಭರವಸೆಯೇ ಇತ್ತು. ಶೋಧಿಸುವ ಮುಂಚೆ ‘ದೊಡ್ಡ ಅಧಿಕಾರಿಯ ಎದುರು ಶೋಧ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ’ ಎಂದು ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಪೊಲೀಸರು ತಿಳಿಸಿದ್ದು ಹಿಂದಿಯಲ್ಲಿ. ತಮಗೆ ಓದಲು ಬಾರದ ಆ ಕಾಗದದ ಕೆಳಗೆ ಅಡುಗೆಯವರು ಕನ್ನಡದಲ್ಲಿ ರುಜು ಹಾಕಿದ್ದರು. ಇದೊಂದರ ಮೇಲೆಯೇ ಕೇಸು ಬಿದ್ದುಹೋಗುತ್ತದೆ ಎಂದು ಇವರ ಲೆಕ್ಕ.

ಪೊಲೀಸ್ ಸಾಕ್ಷಿಗಳು ಮುಗಿದು, ಪ್ರಯೋಗಾಲಯದ ವರದಿ ಬಂದು, ಆರೋಪಿಯ ಹೇಳಿಕೆಯ ದಿನ ಬಂತು. ಸಾಕ್ಷ್ಯದಲ್ಲಿ ಬಂದ ಒಂದೊಂದು ಅಂಶವನ್ನೂ ನ್ಯಾಯಾಧೀಶರು ಆರೋಪಿಗೆ ತಾವೇ ಕೇಳಿ ಅವನ ಉತ್ತರ ಬರೆಸಿಕೊಳ್ಳಬೇಕು. ಅವತ್ತು ನ್ಯಾಯಾಧೀಶರು ತಾವಾಗಿಯೇ, “ಕನ್ನಡದ ದುಭಾಷಿಯನ್ನು ಕರೆಸೋಣ, ರಜೆ ಮುಗಿದ ಮೇಲೆ ಇಟ್ಟುಕೊಳ್ಳೋಣ” ಎಂದರು. ತಾರೀಕು ತಾನಾಗಿ ಬಾಗಿಲಿಗೆ ಬಂದಿತ್ತು. ಇವರು ಎದ್ದು, “ನನ್ನ ಹೆಂಡತಿ ಇಲ್ಲೇ ಇದ್ದಾಳೆ, ಎರಡೂ ಭಾಷೆ ಬರುತ್ತೆ, ಇವತ್ತೇ ಮುಗಿಸೋಣ ಸಾರ್” ಎಂದರು. ಸರ್ಕಾರಿ ವಕೀಲರಿಗೂ ಬೇಗ ಮನೆಗೆ ಹೋಗುವುದಿತ್ತೇನೋ, ಆಕ್ಷೇಪಿಸಲಿಲ್ಲ. ನನ್ನನ್ನು ಕಟಕಟೆಯ ಪಕ್ಕ ನಿಲ್ಲಿಸಿದರು. ಪ್ರಮಾಣ ಮಾಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

“ಚರಸ್ ನಿನ್ನ ಚೀಲದಲ್ಲಿ ಸಿಕ್ಕಿತು ಎಂಬುದಕ್ಕೆ ಏನು ಹೇಳುತ್ತೀಯ?”

ಎಲ್ಲ ಆರೋಪಿಗಳೂ ಈ ಪ್ರಶ್ನೆಗೆ ‘ಸುಳ್ಳು ಕೇಸು’ ಎನ್ನುತ್ತಾರೆ. ಅಡುಗೆಯವರು ಕೈಮುಗಿದು, “ಹೌದ್ರೀ ಸಾಹೇಬ್ರ, ನನ್ನ ಚೀಲದಾಗ ಇತ್ತು, ಸುಳ್ಳ ಯಾಕ ಹೇಳ್ಲಿ” ಎಂದು ಶುರುಮಾಡಿ ಚಳಿ, ಮೊಣಕಾಲು, ಬಾಬಾ, ಬೆಲ್ಲ, ಅದು ಚರಸ್ ಎಂಬುದೇ ತಮಗೆ ಗೊತ್ತಿರಲಿಲ್ಲ ಎನ್ನುವುದು, ಎಲ್ಲ ಹೇಳಿದರು. ನಾನು ಒಂದೂ ಬಿಡದೆ ಹಿಂದಿಯಲ್ಲಿ ಹೇಳಿದೆ. ಕೋರ್ಟಿನ ಟೈಪಿಸ್ಟ್ ಟೈಪು ಮಾಡಿದ. ನಾನೂ ಅದೇ ಕೆಲಸದವಳು. ಅಷ್ಟುದ್ದದ ಮಾತಿಗೆ ಕೀಲಿಗಳ ಸದ್ದು ಅಷ್ಟು ಬೇಗ ನಿಂತದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ನಕಲು ಬಂದಾಗ ನೋಡಿದರೆ ಇದ್ದದ್ದು ಎರಡೇ ಪದ: ‘ಇದು ಸರಿ.’

ಶೋಧದ ಹಕ್ಕು ಮೈ ತಡವುವುದಕ್ಕೆ, ಚೀಲಕ್ಕಲ್ಲ ಎಂದು ನ್ಯಾಯಾಧೀಶರು ತೀರ್ಮಾನಿಸಿದರು. ಆರೋಪಿ ತಾನೇ ಒಪ್ಪಿದ್ದಾನೆ ಎಂದೂ ಬರೆದರು. ಹತ್ತು ವರ್ಷ ಎಂದು ನಾನೇ ಅಡುಗೆಯವರಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಅವರು ತಲೆಯಾಡಿಸಿ, ಇವರ ಕಡೆ ಕೈ ತೋರಿಸಿ, “ಸಾಹೇಬ್ರ ಮಾರಿ ನೋಡ್ರಿ ಅಕ್ಕಾರ, ಅವ್ರಿಗೆ ಒಂಚೂರ ನೀರ ಕೊಡ್ರಿ” ಎಂದರು.

ಆ ವರ್ಷ ದಸರೆಗೆ ಮುಂಚೆಯೇ ಹೊಸ ಕಾನೂನು ಜಾರಿಗೆ ಬಂತು. ಇವರು ಅದರ ಪ್ರತಿ ತಂದು ಚೇಂಬರಿನಲ್ಲಿ ನಿಂತುಕೊಂಡೇ ಓದಿದರು. ವಿಚಾರಣೆ ನಡೆಯುತ್ತಿರುವ ಹಳೆಯ ಕೇಸುಗಳಿಗೂ ಹೊಸ ಸಜೆಯೇ ಅನ್ವಯ ಎಂದಿತ್ತು. ಅದರ ಕೆಳಗೆ ಒಂದು ಸಾಲು: ಅಪೀಲಿನಲ್ಲಿರುವ ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. ಅಡುಗೆಯವರದು ಆಗಲೇ ಹೈಕೋರ್ಟಿನಲ್ಲಿ, ಅಪೀಲಿನಲ್ಲಿತ್ತು. ಇವರು ಆ ಪುಟವನ್ನು ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡರು.

ಅದೇ ತಿಂಗಳು ಪಕ್ಕದ ಕೋರ್ಟಿನಲ್ಲಿ ಒಬ್ಬ ಹುಡುಗನ ಕೇಸು ಮುಗಿಯಿತು. ಅವನ ಹತ್ತಿರ ಸಿಕ್ಕಿದ್ದ ಚರಸ್ ಅಡುಗೆಯವರದಕ್ಕಿಂತ ಸ್ವಲ್ಪ ಹೆಚ್ಚೇ. ಅವನ ವಕೀಲರು ತಾರೀಕಿನ ಮೇಲೆ ತಾರೀಕು ತೆಗೆದುಕೊಂಡು ಕೇಸನ್ನು ಅಲ್ಲೇ ಇಟ್ಟಿದ್ದರು. ಒಳಗಿದ್ದ ಕಾಲವೇ ಸಜೆಯಾಗಿ ಅವನು ಹೊರಬಂದ. ಅವನ ತಾಯಿ ಕಾರಿಡಾರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಲಡ್ಡು ಹಂಚುತ್ತಿದ್ದಳು. ಇವರ ಕೈಗೂ ಒಂದು ಕೊಟ್ಟು, “ಮುಹ್ ಮೀಠಾ ಕರೋ ವಕೀಲ್ ಸಾಬ್” ಎಂದಳು. ಇವರು ಆ ಲಡ್ಡುವನ್ನು ಕೈಯಲ್ಲೇ ಹಿಡಿದುಕೊಂಡು ಬಸ್ಸಿನಲ್ಲಿ ಮನೆಯವರೆಗೆ ಬಂದರು. ಅದು ಅಂಗೈಯಲ್ಲಿ ಪುಡಿಯಾಗಿತ್ತು. ಸಿಂಕಿನ ಮುಂದೆ ಬಹಳ ಹೊತ್ತು ಕೈ ತೊಳೆದರು.

ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು. ಹತ್ತನೇ ಕ್ಲಾಸಿನ ಮಗಳು ನನ್ನನ್ನು ಅಡುಗೆಮನೆಗೆ ಎಳೆದು, “ಅಮ್ಮಾ, ಪಪ್ಪಾಗೆ ಏನಾಯ್ತು? ನನ್ ಜೊತೆ ಬಾತ್ ಹೀ ನಹೀ ಕರ್ತೇ” ಎನ್ನುತ್ತಿದ್ದಳು. ನಾನು ತಲೆನೋವು ಎನ್ನುತ್ತಿದ್ದೆ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಭಾನುವಾರ ಇವರು ನನ್ನನ್ನು ಟೈಪ್‌ರೈಟರಿನ ಮುಂದೆ ಕೂರಿಸಿದರು. “ಬಿಡುಗಡೆ ಕೇಳೋದನ್ನ ಬಿಡ್ತೀನಿ. ಹೇಳಿಕೆ ತಗೊಂಡ ರೀತಿಯೇ ತಪ್ಪು, ಅಲ್ಲಿಂದ ಮತ್ತೆ ವಿಚಾರಣೆ ನಡೀಲಿ ಅಂತ ಕೇಳ್ತೀನಿ. ತೀರ್ಪು ರದ್ದಾದ್ರೆ ವಿಚಾರಣೆ ಮುಗಿದೇ ಇಲ್ಲ ಅಂತ ಆಗುತ್ತೆ. ಆಗ ಹೊಸ ಕಾನೂನು.”

“ಹೇಳಿಕೆ ತಗೊಂಡದ್ದರಲ್ಲಿ ಏನು ತಪ್ಪಿತ್ತು?”

“ನೀನು” ಎಂದರು. ಆಮೇಲೆ, “ನಾನು” ಎಂದರು.

ಪ್ರಮಾಣ ಮಾಡದ ದುಭಾಷಿ, ಅದೂ ಆರೋಪಿಯ ವಕೀಲನ ಹೆಂಡತಿ. ಅವಸರಪಟ್ಟು ಅವಳನ್ನು ನಿಲ್ಲಿಸಿದವನು ನಾನೇ ಎಂದು ಇವರು ಪ್ರಮಾಣಪತ್ರ ಸಲ್ಲಿಸಬೇಕು. ಹಾಗೆ ಸಲ್ಲಿಸಿದವರು ಆ ಕೇಸಿನಲ್ಲಿ ವಾದಿಸುವಂತಿಲ್ಲ, ಬೇರೆಯವರಿಗೆ ಬಿಡಬೇಕು. ಸರ್ದಾರ್ಜಿ ಹಣೆ ಹಣೆ ಬಡಿದುಕೊಂಡರು. “ಹುಚ್ಚು ಹಿಡಿದಿದೆಯಾ? ನಾಳೆ ಪ್ರತಿ ಸರ್ಕಾರಿ ವಕೀಲನೂ ಇದನ್ನು ನಿಮ್ಮ ಮುಖಕ್ಕೆ ಹಿಡೀತಾನೆ. ನಿಮಗೆ ಕೇಸು ಯಾರು ಕೊಡ್ತಾರೆ? ಭಾಭೀಜಿ, ನೀವಾದ್ರೂ ಹೇಳಿ.”

ಅವತ್ತು ನಾನು ಆಡಿದ ಒಂದೊಂದು ಮಾತೂ ಸರಿಯಾಗಿತ್ತು. ಅದು ನಡೆದೇ ಇಲ್ಲವೆಂದು ಆಗಬೇಕಿತ್ತು. ಕಾಗದ ಏರಿಸಿದೆ. ಇವರು ನಿಂತು ಹೇಳಿದಂತೆ ಟೈಪು ಮಾಡಿದೆ. ಸರ್ದಾರ್ಜಿ ಮೂರು ದಿನ ಮಾತು ಬಿಟ್ಟು, ಆಮೇಲೆ ತಾವೇ ಬಂದು, “ಕೊಡಿ ಇಲ್ಲಿ, ನಾನೇ ವಾದಿಸ್ತೀನಿ. ಬೇರೆ ಯಾವ ಪಾಗಲ್ ಒಪ್ತಾನೆ” ಎಂದು ಫೈಲು ಎತ್ತಿಕೊಂಡು ಹೋದರು.

ವಿಚಾರಣೆಗೆ ಇನ್ನೂ ಸಮಯವಿತ್ತು. ಒಂದು ಬೆಳಿಗ್ಗೆ ಇವರು ಚಹಾದ ಲೋಟ ಹಿಡಿದು ಬಂದು ಕುರ್ಚಿಯ ಮೇಲೆ ಕೂತರು. ಪೂರ್ತಿ ಕುಡಿಯುವವರೆಗೆ ಕೂತೇ ಇದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡು ಬಿಸ್ಕತ್ತನ್ನೂ ತಂದಿಟ್ಟೆ. ಮಧ್ಯಾಹ್ನ ಸರ್ದಾರ್ಜಿ ಪಕ್ಕದ ಮನೆಯವರಿಗೆ ಫೋನು ಮಾಡಿದರು. ಕೋರ್ಟಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಎದ್ದಿರಲಿಲ್ಲ.

ಅಪೀಲು ಕರೆಗೆ ಬಂದ ದಿನ ನಾವು ಇನ್ನೂ ಸೂತಕದಲ್ಲಿದ್ದೆವು. ಪ್ರಮಾಣಪತ್ರ ಕೊಟ್ಟ ವಕೀಲರು ತೀರಿಕೊಂಡಿದ್ದಾರೆ, ಕಾಲಾವಕಾಶ ಬೇಕು ಎಂದು ಸರ್ದಾರ್ಜಿ ಕೇಳಿದರು, ಸಿಕ್ಕಿತು. ಸಂಜೆ ಮನೆಗೆ ಬಂದು ಪೇಟ ಸರಿಮಾಡಿಕೊಳ್ಳುತ್ತ, “ಭಾಭೀಜಿ, ಅವರ ಹೆಸರಿನಲ್ಲಿ ಮೊದಲನೇ ತಾರೀಕು” ಎಂದರು. ಆಮೇಲೆ ನೀರು ಕೇಳಿದರು.

ಮುಂದಿನ ಸಲ ನಾನೂ ಹೈಕೋರ್ಟಿಗೆ ಹೋದೆ. ಸರ್ಕಾರದ ಪರ ವಕೀಲರು ಇದೆಲ್ಲ ಹೊಸ ಕಾನೂನಿನ ಲಾಭಕ್ಕಾಗಿ ಹೂಡಿದ ಉಪಾಯ, ಸತ್ತವರನ್ನು ಪಾಟೀಸವಾಲು ಮಾಡಲೂ ಆಗುವುದಿಲ್ಲ ಎಂದರು. ನ್ಯಾಯಮೂರ್ತಿಗಳು ಕಾಗದಗಳಿಂದ ತಲೆಯೆತ್ತಿ, “ಆ ಹೆಂಗಸು ಬಂದಿದ್ದಾರೆಯೇ?” ಎಂದರು. ನಾನು ಎದ್ದೆ.

“ಪ್ರಮಾಣ ಮಾಡಿದ್ದಿರಾ?”

“ಇಲ್ಲ.”

“ಆರೋಪಿ ಹೇಳಿದ್ದನ್ನು ಸರಿಯಾಗಿ ಅನುವಾದ ಮಾಡಿದಿರಾ?”

ಇವರು ಎಲ್ಲ ಸಾಕ್ಷಿಗಳಿಗೂ ಹೇಳಿಕೊಡುತ್ತಿದ್ದದ್ದು ಒಂದೇ ಪಾಠ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ. ಒಂದು ಪದ ಜಾಸ್ತಿ ಬೇಡ. ನಾನು ಆ ಪಾಠವನ್ನು ಚೇಂಬರಿನಲ್ಲಿ ಎಷ್ಟು ಸಲ ಕೇಳಿದ್ದೆನೆಂದರೆ ಅದು ನನ್ನ ಬಾಯಿಗೆ ತಾನಾಗಿ ಬಂತು.

“ಸರಿಯಾಗಿ ಮಾಡಿದೆ” ಎಂದೆ.

ಸರ್ದಾರ್ಜಿ ಕಣ್ಣು ಮುಚ್ಚಿಕೊಂಡದ್ದು ಕಾಣಿಸಿತು. ಸರಿಯಾಗಿದ್ದರೆ ಆರೋಪಿಗೆ ಅನ್ಯಾಯವೇನಾಯಿತು? ಸರ್ಕಾರಿ ವಕೀಲರು ಅದನ್ನೇ ಹೇಳಲು ಬಾಯಿ ತೆರೆದರು. ತಪ್ಪಾಗಿ ಮಾಡಿದೆ ಎಂದು ನಾನು ಸುಳ್ಳು ಹೇಳುವಂತಿರಲಿಲ್ಲ. ಸುಮ್ಮನಿರುವಂತೆಯೂ ಇರಲಿಲ್ಲ. ಕೂರಬೇಕಾದವಳು ಕೂರದೆ ನಿಂತೆ.

“ಸ್ವಾಮಿ, ನಾನು ಹೇಳಿದ್ದು ಬಹಳ ಇತ್ತು. ಬರೆದುಕೊಂಡದ್ದು ಎರಡು ಪದ. ಮೊಣಕಾಲಿನದು ಬರೀಲಿಲ್ಲ, ಚಳಿಯದು ಬರೀಲಿಲ್ಲ, ಅದು ಚರಸ್ ಅಂತ ಅವರಿಗೆ ಗೊತ್ತೇ ಇರಲಿಲ್ಲ ಅನ್ನೋದು ಬರೀಲಿಲ್ಲ. ನಾನೂ ಟೈಪಿಸ್ಟು. ಸದ್ದು ಕೇಳಿದರೆ ನನಗೆ ತಿಳಿಯುತ್ತೆ.”

ಯಾರೂ ಕೇಳದ ಮಾತು ಅದು. ನ್ಯಾಯಮೂರ್ತಿಗಳು ಹೇಳಿಕೆಯ ಪುಟ ತೆಗೆದು, ಎಲ್ಲ ಪ್ರಶ್ನೆಗಳ ಕೆಳಗಿನ ಉತ್ತರಗಳನ್ನೂ ಒಂದೊಂದಾಗಿ ನೋಡಿದರು. ಆ ವಾರವೇ ಆದೇಶ ಬಂತು. ತೀರ್ಪು ರದ್ದು, ಪ್ರಮಾಣ ಮಾಡಿದ ದುಭಾಷಿಯ ಮೂಲಕ ಹೊಸದಾಗಿ ಹೇಳಿಕೆ ಪಡೆದು ವಿಚಾರಣೆ ಮುಂದುವರಿಸುವುದು.

ಈ ಸಲ ದುಭಾಷಿಯಾಗಿ ಬಂದದ್ದು ಮುಖರ್ಜಿ ನಗರದಲ್ಲಿ ಐಎಎಸ್ ಪರೀಕ್ಷೆಗೆ ಓದುತ್ತಿದ್ದ ಮಂಡ್ಯ ಕಡೆಯ ಹುಡುಗಿ. ಹೊರಗೆ ನನ್ನನ್ನು ಹಿಡಿದುಕೊಂಡು, “ಆಂಟಿ, ಅವರ ಕನ್ನಡ ನಂಗೆ ಅರ್ಧ ಅರ್ಥ ಆಗಲ್ಲ” ಎಂದು ಹೆದರಿದಳು. “ಆಗದಿದ್ರೆ ಇನ್ನೊಂದ್ಸಲ ಕೇಳು. ನಿಧಾನಕ್ಕೆ ಮಾಡು” ಎಂದೆ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅಡುಗೆಯವರು ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳಿದರು. ಚಳಿ, ಮೊಣಕಾಲು, ಬಾಬಾ, ಬೆಲ್ಲ. ಹುಡುಗಿ ಎಡವಿ ಎಡವಿ ಹೇಳಿದಳು. ಅವಳು ತಡೆದಲ್ಲಿ ನನ್ನ ನಾಲಿಗೆಗೆ ಬಂದ ಪದವನ್ನು ನಾನು ನುಂಗಿಕೊಂಡೆ. ಕೀಲಿಗಳ ಸದ್ದು ಈ ಸಲ ಬಹಳ ಹೊತ್ತು ಕೇಳಿಸಿತು. ವಿಚಾರಣೆ ಮುಗಿದೇ ಇರಲಿಲ್ಲವಾದ್ದರಿಂದ ಹೊಸ ಕಾನೂನೇ ಎಂದು ನ್ಯಾಯಾಧೀಶರು ಹೇಳಿದರು. ಆರು ತಿಂಗಳು. ಅವರು ಅದರ ಎಷ್ಟೋ ಪಟ್ಟು ಕಾಲವನ್ನು ಒಳಗೆ ಕಳೆದಾಗಿತ್ತು.

ಬಿಡುಗಡೆಯಾದ ಮಾರನೆಯ ದಿನ ಸರ್ದಾರ್ಜಿ ಅವರನ್ನು ಆಟೋದಲ್ಲಿ ನಮ್ಮ ಮನೆಗೆ ಕರೆತಂದರು. ಸಂಜೆ ಊರಿನ ಕಡೆಗೆ ರೈಲಿತ್ತು. ಸಾಹೇಬರ ಫೋಟೋಕ್ಕೆ ಕೈಮುಗಿದು ಹೋಗುತ್ತೇನೆ ಎಂದಿದ್ದರಂತೆ. ಆದರೆ ಜೈಲಿನ ಚಳಿಗಾಲಗಳು ಮೊಣಕಾಲನ್ನು ಪೂರ್ತಿ ಹಿಡಿದುಬಿಟ್ಟಿದ್ದವು. ಮೊದಲನೇ ಮೆಟ್ಟಿಲಿಗೆ ಕಾಲಿಟ್ಟು, ಪಕ್ಕದ ಕಂಬಿ ಹಿಡಿದು, ಎರಡನೆಯದಕ್ಕೆ ಆಗದೆ ಅಲ್ಲೇ ಕೂತರು. ಅವರಿಗೆಂದು ಮಾಡಿದ ಚಹಾದ ಲೋಟ ಹಿಡಿದು ನಾನು ಕೆಳಗಿಳಿದು ಹೋದೆ.

“ಆಗೂದಿಲ್ರೀ ಅಕ್ಕಾರ. ಇಷ್ಟ ದೂರ ಬಂದು ಮ್ಯಾಲ ಬರಾಕ ಆಗವಲ್ದು.”

ಮೇಲಿನಿಂದ ಬಗ್ಗಿ ನೋಡುತ್ತಿದ್ದ ಮಗಳು, “ಅಮ್ಮಾ, ಪಪ್ಪಾನ್ನ ನೀಚೇ ಲೇ ಆವೂಂ?” ಎಂದಳು. ನಾನು ಉತ್ತರಿಸುವ ಮೊದಲೇ ಒಳಗೆ ಹೋಗಿ, ಗೋಡೆಯ ಮೊಳೆಯಿಂದ ಫೋಟೋ ಇಳಿಸಿ, ಎದೆಗೆ ಅವಚಿಕೊಂಡು ಮೆಟ್ಟಿಲಿಳಿದು ಬಂದಳು.

ಅಡುಗೆಯವರು ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಗಾಜಿನ ಮೇಲಿನ ಧೂಳನ್ನು ಅಂಗಿಯ ತುದಿಯಿಂದ ಒರೆಸಿದರು.

“ಭಾಳ ಅವಸರದ ಮನಷ್ಯಾ ಇದ್ರು ನೋಡ್ರಿ, ಸಾಹೇಬ್ರು” ಎಂದರು. ಮಗುವನ್ನು ಗದರಿದ ಹಾಗೆ.

ಅದನ್ನು ಮಗಳ ಕೈಗೆ ಕೊಟ್ಟು, ಕಂಬಿ ಹಿಡಿದು ಏಳಲು ಹೋದರು. “ಬರ್ತೀನ್ರೀ ಅಕ್ಕಾರ, ಗಾಡಿಗೆ ಹೊತ್ತಾತು.”

ನನ್ನ ಕೈಯಲ್ಲಿ ಚಹಾದ ಲೋಟ ಇನ್ನೂ ಹಾಗೇ ಇತ್ತು.

“ಗಡಿಬಿಡಿ ಏನೂ ಇಲ್ಲ” ಎಂದೆ. “ಕೂತ್ಕೊಂಡು ಕುಡೀರಿ.”

ಅವರು ಕೂತರು.